ಕಡತಗಳಿಗೆ ಎರಡನೆಯ ಮನೆ

ಮಕ್ಕಳೇ, ಹಿಂದೆ ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ರೈತರು ಬೀಜದ ಜೋಳವನ್ನು ಹೇಗೆ ಕಾಪಾಡುತ್ತಿದ್ದರು ಎಂಬುದನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿ ತಿಳಿಯಿರಿ. ರಾಶಿಗೆ ಮೊದಲೇ ಹೊಲದಲ್ಲಿ ಅಡ್ಡಾಡಿ ದಪ್ಪ ದಪ್ಪ ತೆನೆಗಳನ್ನು ಆರಿಸುತ್ತಿದ್ದರು. ಅವುಗಳ ಕಾಳನ್ನು ಬೇರೆಯಾಗಿ ಬಡಿದು, ಬೂದಿ ಬೆರೆಸಿ, ಗಡಿಗೆಯಲ್ಲಿ ತುಂಬಿ ಬಾಯಿ ಮುಚ್ಚಿ ಇಡುತ್ತಿದ್ದರು. ಊಟದ ಜೋಳ ನೆಲದೊಳಗಿನ ಹಗೇವಿನಲ್ಲಿ, ಬೀಜದ ಜೋಳ ಮನೆಯೊಳಗಿನ ಗಡಿಗೆಯಲ್ಲಿ. ಹಗೇವಿಗೆ ಮಳೆಯ ನೀರು ಹೊಕ್ಕು ಕಾಳು ಕೆಟ್ಟರೂ ಮುಂದಿನ ಬಿತ್ತನೆ ನಿಲ್ಲುತ್ತಿರಲಿಲ್ಲ. ಗಡಿಗೆಯನ್ನೂ ಹಗೇವಿನೊಳಗೇ ಇಟ್ಟಿದ್ದರೆ ಏನಾಗುತ್ತಿತ್ತು? ಸ್ವಲ್ಪ ಯೋಚಿಸಿರಿ. ಈ ಪಾಠದಲ್ಲಿ ಮುಂದೆ ಬರುವ ಸಂಗತಿಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಈಗ ಗಣಕಯಂತ್ರಕ್ಕೆ ಬರೋಣ. ನಿಮ್ಮ ಶಾಲೆಯಲ್ಲಿ ಒಂದು ಕೆಲಸ ಕೈಗೊಂಡಿದ್ದೀರಿ ಎಂದು ತಿಳಿಯಿರಿ. ಊರಿನ ಅಜ್ಜಿಯರು ಹಾಡುವ ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದಗಳನ್ನು ಧ್ವನಿಮುದ್ರಿಸಿ ಶಾಲೆಯ ಕಂಪ್ಯೂಟರಿನಲ್ಲಿ ಸೇರಿಸುವ ಕೆಲಸ. ಒಂದೊಂದು ಹಾಡೂ ಒಂದೊಂದು ಕಡತವಾಗುತ್ತದೆ. ಕಡತವನ್ನೇ ಫೈಲ್ ಎನ್ನುತ್ತೇವೆ. ನೀವು ಬರೆದ ನಿಬಂಧವೂ ಫೈಲೇ, ತೆಗೆದ ಚಿತ್ರವೂ ಫೈಲೇ. ಹಾಡುಗಳನ್ನೆಲ್ಲ ‘ಊರ ಹಾಡು’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೀರಿ. ಮೂರು ತಿಂಗಳು ಮನೆಮನೆ ತಿರುಗಿ 38 ಹಾಡು ಕೂಡಿಸಿದ್ದೀರಿ. ಅಷ್ಟರಲ್ಲಿ ಹಾಡಿದ ಅಜ್ಜಿಯರಲ್ಲಿ ಒಬ್ಬರು ತೀರಿಕೊಂಡರು. ಅವರ ಧ್ವನಿ ಈಗ ಆ ಫೋಲ್ಡರಿನಲ್ಲಿ ಮಾತ್ರ ಇದೆ.

ಆ ಫೋಲ್ಡರು ಇರುವುದಾದರೂ ಎಲ್ಲಿ? ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಹಾರ್ಡ್ ಡಿಸ್ಕ್ ಎಂಬ ಭಾಗವಿರುತ್ತದೆ. ಅದರಲ್ಲಿ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ತಟ್ಟೆಯನ್ನು ಮುಟ್ಟದಂತೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ, ಓದುವ ಮುಳ್ಳು ಹಾರಾಡುತ್ತಿರುತ್ತದೆ. ಜೋರಾಗಿ ಪೆಟ್ಟು ಬಿದ್ದರೆ ಮುಳ್ಳು ತಟ್ಟೆಗೆ ತಗಲಿ ಗೀರುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ತಿರುಗುವ ತಟ್ಟೆಯ ಬದಲು ಚಿಪ್ಪುಗಳು ಇರುತ್ತವೆ. ಅವೂ ಒಂದು ದಿನ ಕೆಡುವಂಥವೇ. ಸಿಡಿಲು ಬಡಿದ ದಿನ ವಿದ್ಯುತ್ ಒಮ್ಮೆಲೇ ಏರಿ ಯಂತ್ರ ಸುಡಬಹುದು. ವೈರಸ್ ಬರಬಹುದು. ಕಳ್ಳರು ಹೊತ್ತೊಯ್ಯಬಹುದು. ಇವೆಲ್ಲ ದೊಡ್ಡ ಆಪತ್ತುಗಳು. ಆದರೆ ದಿನನಿತ್ಯ ಹೆಚ್ಚಾಗಿ ಆಗುವುದು ಸಣ್ಣ ಆಪತ್ತೇ: ಯಾರೋ ಒಬ್ಬರು ಬೇಡದ ಫೈಲು ಎಂದುಕೊಂಡು ಬೇಕಾದ ಫೈಲನ್ನೇ ಅಳಿಸಿಬಿಡುತ್ತಾರೆ!

ಆದ್ದರಿಂದ ಬೀಜದ ಗಡಿಗೆಯಂತೆ ಫೈಲುಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಬೇಕು. ಹೀಗೆ ಪ್ರತಿ ಮಾಡಿ ಇಡುವುದಕ್ಕೆ ಬ್ಯಾಕಪ್ ಎಂದು ಹೆಸರು. ಮೂಲ ಫೈಲು ಹೋದಾಗ ಆ ಪ್ರತಿಯಿಂದ ಮತ್ತೆ ಕಂಪ್ಯೂಟರಿಗೆ ತರುವುದಕ್ಕೆ ರೀಸ್ಟೋರ್, ಅಂದರೆ ಮರಳಿ ತುಂಬುವುದು, ಎನ್ನುತ್ತಾರೆ. ಎರಡೂ ಸೇರಿದರೇ ಕೆಲಸ ಪೂರ್ತಿ.

ಪ್ರತಿ ಮಾಡಿ ಉಳಿಸುವುದು ಕಂಪ್ಯೂಟರು ಬಂದ ಮೇಲೆ ಹುಟ್ಟಿದ ಉಪಾಯವಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಇದ್ದ ಅತ್ತಿಮಬ್ಬೆಯ ಹೆಸರನ್ನು ನೀವು ಕೇಳಿರಬಹುದು. ಕವಿ ಪೊನ್ನನ ‘ಶಾಂತಿಪುರಾಣ’ವನ್ನು ಆಕೆ ತಾಳೆಗರಿಗಳ ಮೇಲೆ ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಗರಿಯನ್ನೂ ಕಂಠದಿಂದ ಕೊರೆದು ಬರೆಯಬೇಕಿತ್ತು. ತಾಳೆಗರಿಗೆ ಹುಳ ಹಿಡಿಯುತ್ತದೆ, ಗೆದ್ದಲು ಹತ್ತುತ್ತದೆ, ಬೆಂಕಿ ತಗಲುತ್ತದೆ. ಪ್ರತಿಗಳು ಬೇರೆ ಬೇರೆ ಊರಿನಲ್ಲಿದ್ದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ನಮ್ಮ ಸೊನ್ನಲಿಗೆಯ ಸಿದ್ಧರಾಮನ ವಚನಗಳೂ ಇತರ ಶರಣರ ವಚನಗಳೂ ನಮಗೆ ದೊರೆತದ್ದು ಹೀಗೆಯೇ. ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮನೆ ಮಠಗಳಲ್ಲಿದ್ದ ಹಸ್ತಪ್ರತಿಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದರು. ಒಂದೇ ಮನೆಯ ಒಂದೇ ಕಟ್ಟಿನಲ್ಲಿ ವಚನಗಳೆಲ್ಲ ಇದ್ದಿದ್ದರೆ ಅವರಿಗೆ ಹುಡುಕಲು ಏನು ಉಳಿದಿರುತ್ತಿತ್ತೋ!

ಕಂಪ್ಯೂಟರಿನ ಕಾಲದ ತಾಳೆಗರಿ ಎಂದರೆ ಬಹಳ ವರ್ಷ ಸಿ.ಡಿ.ಯೇ ಆಗಿತ್ತು. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪನಿಗಳು ಸೇರಿ ರೂಪಿಸಿದ ಈ ತಟ್ಟೆ 1982ರಲ್ಲಿ ಮಾರಾಟಕ್ಕೆ ಬಂತು. ಮೊದಲು ಅದರಲ್ಲಿ ಹಾಡು ಮಾತ್ರ ಇರುತ್ತಿತ್ತು. ತಟ್ಟೆಯ ಅಗಲ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು, ನಡುವಿನ ತೂತು 15 ಮಿಲಿಮೀಟರು. ನಿಮ್ಮ ಅಳತೆಪಟ್ಟಿಯಿಂದ ಅಳೆದು ನೋಡಿರಿ.

ಸಿ.ಡಿ.ಗಳಲ್ಲಿ ಮೂರು ಬಗೆ. ಅಂಗಡಿಯಲ್ಲಿ ಹಾಡು ತುಂಬಿ ಮಾರುತ್ತಿದ್ದ ಸಿ.ಡಿ. ಅಚ್ಚಾದ ಪುಸ್ತಕವಿದ್ದಂತೆ, ಓದಬಹುದು, ಬರೆಯಲಾಗದು. ಸಿ.ಡಿ.-ಆರ್ ಎಂಬುದು ಖಾಲಿ ಕಾಗದವಿದ್ದಂತೆ. ಶಾಯಿಯಿಂದ ಒಮ್ಮೆ ಬರೆದರೆ ಅಳಿಸಲಾಗದು. ಮೂರನೆಯದು 1997ರಲ್ಲಿ ಬಂದ ಸಿ.ಡಿ.-ಆರ್‌ಡಬ್ಲ್ಯೂ. ಇದು ನಿಮ್ಮ ಪಾಟಿಯಿದ್ದಂತೆ. ಬರೆಯಬಹುದು, ಒರೆಸಬಹುದು, ಮತ್ತೆ ಬರೆಯಬಹುದು. ಇದನ್ನು ಮರುಬರಹದ ಸಿ.ಡಿ. ಎಂದು ಕರೆಯೋಣ. ಸುಮಾರು ಸಾವಿರ ಸಲ ಒರೆಸಿ ಬರೆಯಬಹುದು ಎಂದು ಅದನ್ನು ಮಾಡುವವರು ಹೇಳುತ್ತಾರೆ.

ಪಾಟಿಯ ಮೇಲಿನ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇವೆ. ಸಿ.ಡಿ.ಯ ಬರಹವನ್ನು ಯಾವುದರಿಂದ ಒರೆಸುವುದು? ಬೆಳಕಿನಿಂದ! ಆಶ್ಚರ್ಯವಾಯಿತಲ್ಲವೇ? ಇದು ಹೇಗೆಂದು ತಿಳಿಯಲು ಅಡುಗೆಮನೆಗೆ ಹೋಗಬೇಕು. ಸಕ್ಕರೆಯ ಪಾಕವನ್ನು ನಿಧಾನವಾಗಿ ಆರಲು ಬಿಟ್ಟರೆ ಅದು ಹರಳುಗಟ್ಟುತ್ತದೆ. ಕಲ್ಲುಸಕ್ಕರೆ ಆಗುವುದು ಹೀಗೆ. ಅದೇ ಪಾಕವನ್ನು ಗಟ್ಟಿಯಾಗಿ ಕಾಯಿಸಿ ತಣ್ಣನೆಯ ತಟ್ಟೆಗೆ ಸುರಿದು ಬೇಗ ಆರಿಸಿದರೆ ಹರಳಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಗಾಜಿನ ಹಾಗೆ ಗಟ್ಟಿಯಾಗುತ್ತದೆ. ವಸ್ತು ಒಂದೇ. ಆರಿದ ರೀತಿ ಬೇರೆ, ರೂಪ ಬೇರೆ.

ಮರುಬರಹದ ಸಿ.ಡಿ.ಯೊಳಗೆ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲುರಿಯಂ ಎಂಬ ನಾಲ್ಕು ಧಾತುಗಳನ್ನು ಕೂಡಿಸಿದ ಬಹು ತೆಳುವಾದ ಪದರವಿರುತ್ತದೆ. ಬರೆಯುವ ಯಂತ್ರವು ಲೇಸರ್ ಕಿರಣವನ್ನು ಸೂಜಿಮೊನೆಗಿಂತ ಸಣ್ಣದಾಗಿ ಆ ಪದರದ ಮೇಲೆ ಬಿಡುತ್ತದೆ. ಕಿರಣ ಬಲವಾಗಿದ್ದರೆ ಆ ಚುಕ್ಕೆ 500 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾದು ಕರಗಿ, ಮರುಕ್ಷಣವೇ ಆರಿ, ಗಾಜಿನಂತಾಗುತ್ತದೆ. ಆ ಜಾಗ ಮಾಸಲಾಗಿ ಕಾಣುತ್ತದೆ. ಕಿರಣವನ್ನು ಸ್ವಲ್ಪ ಮೆಲ್ಲಗೆ ಮಾಡಿ ಸುಮಾರು 200 ಡಿಗ್ರಿಗೆ ಕಾಯಿಸಿದರೆ ಪದರ ಕರಗುವುದಿಲ್ಲ. ಅಲ್ಲಿ ಮತ್ತೆ ಹರಳು ಮೂಡಿ ಹೊಳಪು ಬರುತ್ತದೆ. ಇದೇ ಒರೆಸುವುದು. ಓದುವಾಗ ಬೀಳುವುದು ಬಹಳ ಮಂದವಾದ ಕಿರಣ. ಅದು ಏನನ್ನೂ ಕಾಯಿಸುವುದಿಲ್ಲ. ಹೊಳಪಿದ್ದಲ್ಲಿ ಬೆಳಕು ಚೆನ್ನಾಗಿ ಮರಳುತ್ತದೆ, ಮಾಸಲಿದ್ದಲ್ಲಿ ಕಡಿಮೆ ಮರಳುತ್ತದೆ. ಹೊಳಪಿನಿಂದ ಮಾಸಲಿಗೋ ಮಾಸಲಿನಿಂದ ಹೊಳಪಿಗೋ ಬದಲಾದ ಕಡೆ 1, ಬದಲಾಗದಿದ್ದರೆ 0 ಎಂದು ಯಂತ್ರ ಎಣಿಸುತ್ತ ಹೋಗುತ್ತದೆ. ಅಜ್ಜಿಯ ಹಾಡಾಗಲಿ, ನಿಮ್ಮ ನಿಬಂಧವಾಗಲಿ, ಯಂತ್ರಕ್ಕೆ ಅದು ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲು.

ಎಷ್ಟು ಉದ್ದ ಬಲ್ಲಿರಾ? ಸಿ.ಡಿ.ಯ ಬರಹ ನಡುವಿನ ತೂತಿನ ಹತ್ತಿರ ಆರಂಭವಾಗಿ ಸುರುಳಿ ಸುರುಳಿಯಾಗಿ ಅಂಚಿನ ಕಡೆಗೆ ಸಾಗುತ್ತದೆ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಇರುವ ಅಂತರ 1.6 ಮೈಕ್ರೋಮೀಟರು, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೂವರೆ ಪಾಲಿಗಿಂತ ತುಸು ಹೆಚ್ಚು. ಆ ಸುರುಳಿಯನ್ನು ಬಿಚ್ಚಿ ನೇರವಾಗಿ ಹಾಸಿದರೆ 5 ಕಿಲೋಮೀಟರಿಗೂ ಹೆಚ್ಚಾಗುತ್ತದೆ. ನಿಮ್ಮ ಊರಿನಿಂದ ಪಕ್ಕದ ಊರಿಗೆ ಹೋಗುವಷ್ಟು ದೂರ, ನಿಮ್ಮ ಅಂಗೈಯಗಲದ ತಟ್ಟೆಯಲ್ಲಿ!

ಒಂದು ಸಿ.ಡಿ.ಯಲ್ಲಿ ಸಾಮಾನ್ಯವಾಗಿ 700 ಎಂ.ಬಿ. ಹಿಡಿಯುತ್ತದೆ. ಇದನ್ನು ಲೆಕ್ಕ ಹಾಕಿ ನೋಡೋಣ. ಏನನ್ನೂ ಕುಗ್ಗಿಸದೆ ಧ್ವನಿಮುದ್ರಿಸಿದರೆ ಒಂದು ನಿಮಿಷದ ಹಾಡಿಗೆ ಸುಮಾರು 10 ಎಂ.ಬಿ. ಬೇಕು. ನಾಲ್ಕು ನಿಮಿಷದ ಹಾಡಿಗೆ 40 ಎಂ.ಬಿ. ಹಾಗಾದರೆ ಒಂದು ಸಿ.ಡಿ.ಯಲ್ಲಿ 17 ಹಾಡು. ನಿಮ್ಮ 38 ಹಾಡಿಗೆ ಮೂರು ಸಿ.ಡಿ. ಬೇಕಾಯಿತು. ಅದೇ ಹಾಡನ್ನು ಎಂಪಿ3 ಎಂಬ ಕುಗ್ಗಿಸಿದ ರೂಪದಲ್ಲಿ ಇಟ್ಟರೆ ನಿಮಿಷಕ್ಕೆ ಸುಮಾರು 1 ಎಂ.ಬಿ. ಸಾಕು, 38 ಹಾಡೂ ಒಂದೇ ಸಿ.ಡಿ.ಯಲ್ಲಿ ಕುಳಿತು ಇನ್ನೂ ಬೇಕಾದಷ್ಟು ಜಾಗ ಉಳಿಯುತ್ತದೆ. ಆದರೆ ಕುಗ್ಗಿಸುವಾಗ ಧ್ವನಿಯ ಸೂಕ್ಷ್ಮ ಅಂಶಗಳು ಸ್ವಲ್ಪ ಹೋಗುತ್ತವೆ. ಮತ್ತೆ ಹಾಡಿಸಲಾಗದ ಹಾಡನ್ನು ಕುಗ್ಗಿಸದೆ ಇಡುವುದೇ ಒಳ್ಳೆಯದು. ಸಿ.ಡಿ.ಯಷ್ಟೇ ಅಗಲವಿರುವ ಮರುಬರಹದ ಡಿ.ವಿ.ಡಿ.ಯಲ್ಲಿ 4.7 ಜಿ.ಬಿ. ಹಿಡಿಯುತ್ತದೆ. ಆರು ಸಿ.ಡಿ.ಗಳಿಗಿಂತ ಹೆಚ್ಚು. ಜಾಗ ಸಾಲದೆಂಬ ಚಿಂತೆ ಅಲ್ಲಿಗೆ ಮುಗಿಯಿತು.

ಇನ್ನು ಬರೆಯುವ ಕ್ರಮ. ಬರೆಯಬಲ್ಲ ಡ್ರೈವ್ ಕಂಪ್ಯೂಟರಿನಲ್ಲಿ ಇರಬೇಕು. ಮೊದಲು ‘ಊರ ಹಾಡು’ ಫೋಲ್ಡರನ್ನು ತೆರೆದು ಎಷ್ಟು ಫೈಲುಗಳಿವೆ, ಒಟ್ಟು ಎಷ್ಟು ಎಂ.ಬಿ. ಆಗಿದೆ ಎಂದು ನೋಡಿ ವಹಿಯಲ್ಲಿ ಬರೆದುಕೊಳ್ಳಿರಿ. ಈ ವಹಿ ಬಹಳ ಮುಖ್ಯ. ಮುಂದೆ ಕೆಲಸಕ್ಕೆ ಬರುತ್ತದೆ. ತೆರೆದಿರುವ ಬೇರೆ ಕಾರ್ಯಕ್ರಮಗಳನ್ನೆಲ್ಲ ಮುಚ್ಚಿರಿ. ಸಿ.ಡಿ.ಯನ್ನು ಅಂಚಿನಲ್ಲಿ ಹಿಡಿದು ಡ್ರೈವಿನಲ್ಲಿಡಿರಿ. ಅದರಲ್ಲಿ ಹಳೆಯ ಬರಹವಿದ್ದರೆ ಮೊದಲು ಒರೆಸಬೇಕಾಗುತ್ತದೆ. ಒರೆಸುವುದರಲ್ಲಿ ಎರಡು ಬಗೆಯಿದೆ. ಬೇಗ ಒರೆಸುವುದೆಂದರೆ ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದುಹಾಕಿದಂತೆ. ಪುಟಗಳು ಒಳಗೇ ಇರುತ್ತವೆ, ಆದರೆ ಯಾವುದು ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಯದು. ಪೂರ್ತಿ ಒರೆಸುವುದೆಂದರೆ ಎಲ್ಲ ಪುಟಗಳನ್ನೂ ತೊಳೆದಂತೆ. ಅದಕ್ಕೆ ಹೆಚ್ಚು ಹೊತ್ತು ಬೇಕು. ಎರಡರಲ್ಲಿ ಯಾವುದನ್ನು ಮಾಡಿದರೂ ಆ ಸಿ.ಡಿ.ಯಲ್ಲಿದ್ದ ಹಳೆಯದು ಹೋಯಿತೆಂದೇ ತಿಳಿಯಿರಿ. ಆದ್ದರಿಂದ ‘ಒರೆಸು’ ಎಂಬ ಗುಂಡಿಯನ್ನು ಒತ್ತುವ ಮೊದಲು ಕೈಯಲ್ಲಿರುವುದು ಯಾವ ಸಿ.ಡಿ. ಎಂದು ಓದಿ ನೋಡಬೇಕು, ಗುರುಗಳಿಗೂ ತೋರಿಸಬೇಕು.

ಒರೆಸಿದ ಮೇಲೆ ಫೋಲ್ಡರನ್ನು ಆರಿಸಿ ಬರೆಯಲು ಹೇಳಿದರೆ ಲೇಸರ್ ತನ್ನ ಕೆಲಸ ಆರಂಭಿಸುತ್ತದೆ. ಈ ಹೊತ್ತಿನಲ್ಲಿ ಮೇಜನ್ನು ಅಲುಗಿಸಬಾರದು. ವಿದ್ಯುತ್ ಹೋಗುವ ಸಂಭವವಿದ್ದರೆ ಯು.ಪಿ.ಎಸ್. ಇಲ್ಲದೆ ಬರೆಯಲು ಕೂಡಬಾರದು. ನಡುವೆ ಕರೆಂಟು ಹೋದರೆ ಬರಹ ಅರ್ಧಕ್ಕೆ ನಿಂತು ಸಿ.ಡಿ. ಓದಲು ಬಾರದಂತಾಗುತ್ತದೆ. ಮರುಬರಹದ ಸಿ.ಡಿ.ಯಾದರೆ ಹೆಚ್ಚಾಗಿ ಅದನ್ನು ಒರೆಸಿ ಮತ್ತೆ ಬಳಸಬಹುದು. ಒಮ್ಮೆ ಮಾತ್ರ ಬರೆಯುವಂಥದಾದರೆ ಗುಬ್ಬಿ ಬೆದರಿಸಲು ಹೊಲದಲ್ಲಿ ಕಟ್ಟಬೇಕಷ್ಟೆ.

ಬರೆದು ಮುಗಿದ ಮೇಲೆ ಬಹಳ ಜನ ಸಿ.ಡಿ.ಯನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಿಂದ ಎದ್ದುಬಿಡುತ್ತಾರೆ. ಇದು ಸರಿಯಲ್ಲ. ಬರೆದದ್ದು ಮೂಲದಂತೆಯೇ ಇದೆಯೇ ಎಂದು ತಾಳೆ ನೋಡಲು ಯಂತ್ರಕ್ಕೇ ಹೇಳಬಹುದು. ಅದಕ್ಕೆ ವೆರಿಫೈ ಎನ್ನುತ್ತಾರೆ. ಅದರ ಮೇಲೆ ಸಿ.ಡಿ.ಯನ್ನು ಹೊರತೆಗೆದು ಮತ್ತೆ ಹಾಕಿ, ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲಿ ಹಾಕಿ, ಎರಡು ಮೂರು ಹಾಡು ಕೇಳಿರಿ. ಕೊನೆಯ ಹಾಡನ್ನು ತಪ್ಪದೆ ಕೇಳಿರಿ. ಅಂಚಿನ ಕಡೆಗೆ ಬರೆದ ಭಾಗದಲ್ಲಿ ದೋಷ ಹೆಚ್ಚಾಗಿ ಕಾಣುತ್ತದೆ. ಮರುಬರಹದ ಸಿ.ಡಿ. ಉಳಿದ ಸಿ.ಡಿ.ಗಳಿಗಿಂತ ಕಡಿಮೆ ಬೆಳಕನ್ನು ಮರಳಿಸುವುದರಿಂದ ಕೆಲವು ಹಳೆಯ ಯಂತ್ರಗಳಿಗೆ ಅದನ್ನು ಓದಲಾಗುವುದಿಲ್ಲ ಎಂಬುದೂ ನೆನಪಿರಲಿ.

ಕನ್ನಡದಲ್ಲಿ ಬರೆದ ಫೈಲುಗಳಿಗೆ ಇನ್ನೊಂದು ಮಾತು ಹೇಳಲೇಬೇಕು. 2000ದ ಆಸುಪಾಸಿನಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳ ಅಕ್ಷರ ವಿನ್ಯಾಸಗಳಲ್ಲಿ ಟೈಪು ಮಾಡಿದ ಎಷ್ಟೋ ಫೈಲುಗಳಿವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಫೈಲು ಮರಳಿ ಬಂದಿದೆ, ಆದರೆ ಓದಲು ಬಾರದು! ಬೀಗ ಇದೆ, ಕೀಲಿಕೈ ಇಲ್ಲ. ಆದ್ದರಿಂದ ಅಂಥ ಫೈಲುಗಳ ಜೊತೆಗೆ ಆ ಫಾಂಟನ್ನೂ ಅದೇ ಸಿ.ಡಿ.ಯಲ್ಲಿ ಇಡಬೇಕು. ಈಗ ನಾವು ಬಳಸುವ ಯುನಿಕೋಡ್ ಪದ್ಧತಿಯಲ್ಲಿ ಈ ತೊಂದರೆ ಇಲ್ಲ. ಕನ್ನಡದ ‘ಕ’ ಯಾವ ಕಂಪ್ಯೂಟರಿನಲ್ಲಿಯೂ ‘ಕ’ ಆಗಿಯೇ ಇರುತ್ತದೆ. ನಮ್ಮಂತೆ ಬೇರೆ ರಾಜ್ಯದಲ್ಲಿದ್ದು ಕನ್ನಡ ಕಲಿಯುವವರಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಪೇಟೆಯ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡ ಫಾಂಟು ಇದೆಯೋ ಇಲ್ಲವೋ ಎಂದು ಮೊದಲು ಕೇಳಿಕೊಂಡೇ ಹೋಗಬೇಕಾಗಿತ್ತು.

ಒಂದೇ ಮರುಬರಹದ ಸಿ.ಡಿ. ಇದ್ದರೆ ಸಾಕೇ? ಶುಕ್ರವಾರ ಶುಕ್ರವಾರ ಅದನ್ನೇ ಒರೆಸಿ ಹೊಸದನ್ನು ಬರೆದರಾಯಿತಲ್ಲ ಎಂದು ನೀವು ಕೇಳಬಹುದು. ನೋಡಿರಿ, ಒರೆಸಿ ಆಗಿದೆ, ಹೊಸದನ್ನು ಬರೆಯುತ್ತಿರುವಾಗಲೇ ಕಂಪ್ಯೂಟರು ಕೆಟ್ಟಿತು ಎಂದರೆ? ಮೂಲವೂ ಇಲ್ಲ, ಪ್ರತಿಯೂ ಇಲ್ಲ. ಹೊಸ ಬೀಜ ಬರುವ ಮೊದಲೇ ಹಳೆಯ ಗಡಿಗೆಯನ್ನು ಬರಿದು ಮಾಡಿದ ಹಾಗೆ. ಅದಕ್ಕಾಗಿ ಮೂರು ಸಿ.ಡಿ.ಗಳನ್ನು ಸರದಿಯಂತೆ ಬಳಸುವ ಪದ್ಧತಿಯಿದೆ. ಕಂಪ್ಯೂಟರು ಬಲ್ಲವರು ಇದನ್ನು ‘ಅಜ್ಜ-ಅಪ್ಪ-ಮಗ’ ಪದ್ಧತಿ ಎಂದೇ ಕರೆಯುತ್ತಾರೆ. ಸಿ.ಡಿ.ಗಳಿಗೆ ಅ, ಆ, ಇ ಎಂದು ಹೆಸರಿಡಿರಿ. ಮೊದಲ ಶುಕ್ರವಾರ ‘ಅ’ದಲ್ಲಿ ಬರೆಯಿರಿ, ಎರಡನೆಯ ಶುಕ್ರವಾರ ‘ಆ’ದಲ್ಲಿ, ಮೂರನೆಯ ಶುಕ್ರವಾರ ‘ಇ’ಯಲ್ಲಿ. ಈಗ ‘ಇ’ ಮಗ, ‘ಆ’ ಅಪ್ಪ, ‘ಅ’ ಅಜ್ಜ. ನಾಲ್ಕನೆಯ ಶುಕ್ರವಾರ ಅಜ್ಜನಾದ ‘ಅ’ವನ್ನು ಒರೆಸಿ ಬರೆಯಿರಿ. ಅಜ್ಜನೇ ಹೊಸ ಮಗುವಾಗಿ ಬಂದ! ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರಲ್ಲ, ಹಾಗೆ.

ಇದರಿಂದ ಇನ್ನೊಂದು ಲಾಭವಿದೆ. ಯಾರೋ ಒಂದು ಹಾಡನ್ನು ತಪ್ಪಿ ಅಳಿಸಿದ್ದು ಎರಡು ವಾರದ ಮೇಲೆ ಗೊತ್ತಾಯಿತು ಎನ್ನಿರಿ. ಕಳೆದ ವಾರದ ಸಿ.ಡಿ.ಯಲ್ಲಿ ಆ ಹಾಡು ಇರುವುದಿಲ್ಲ; ಏಕೆಂದರೆ ಅಳಿಸಿದ ಮೇಲೆ ಅದನ್ನು ಬರೆದದ್ದು. ಆದರೆ ಅಜ್ಜನ ಸಿ.ಡಿ.ಯಲ್ಲಿ ಇರುತ್ತದೆ. ಸಿ.ಡಿ. ಸವೆಯುವುದೆಂಬ ಭಯವೂ ಬೇಡ. ಮೂರು ವಾರಕ್ಕೊಮ್ಮೆ ಒಂದು ಸಿ.ಡಿ.ಯ ಸರದಿ. ಶಾಲೆ ನಡೆಯುವ 40 ವಾರಗಳಲ್ಲಿ ಒಂದು ಸಿ.ಡಿ.ಯನ್ನು ಹದಿಮೂರೋ ಹದಿನಾಲ್ಕೋ ಸಲ ಬರೆದಂತಾಯಿತು. ಸಾವಿರ ಸಲ ಆಗುವುದಕ್ಕೆ 70 ವರ್ಷಕ್ಕೂ ಹೆಚ್ಚು ಬೇಕು! ಅಷ್ಟರೊಳಗೆ ಗೀರು, ಧೂಳು, ಬಿಸಿಲು ಅದನ್ನು ಕೆಡಿಸಿರುತ್ತವೆ.

ಈಗ ಮರಳಿ ತುಂಬುವ ಕೆಲಸವನ್ನು ನೋಡೋಣ. ಒಂದು ಗುರುವಾರ ಬೆಳಿಗ್ಗೆ ಕಂಪ್ಯೂಟರು ಆರಂಭವಾಗಲೇ ಇಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿದೆಯೆಂದು ದುರಸ್ತಿಯವರು ಹೊಸದನ್ನು ಹಾಕಿಕೊಟ್ಟರು. ಯಂತ್ರ ನಡೆಯುತ್ತದೆ, ಆದರೆ ಖಾಲಿ. ಕಳೆದ ಶುಕ್ರವಾರದ ಸಿ.ಡಿ.ಯನ್ನು ಹಾಕಿ, ‘ಮರಳಿದ ಹಾಡು’ ಎಂಬ ಬೇರೆ ಹೆಸರಿನ ಫೋಲ್ಡರು ಮಾಡಿ, ಅದರೊಳಕ್ಕೆ ಪ್ರತಿ ಮಾಡಿರಿ. ಬೇರೆ ಹೆಸರು ಏಕೆ? ಇಂದು ಕಂಪ್ಯೂಟರು ಖಾಲಿಯಿದೆ, ಸರಿ. ಆದರೆ ಒಂದೇ ಒಂದು ಫೈಲು ಕಳೆದಾಗ ಹಳೆಯ ಸಿ.ಡಿ.ಯಲ್ಲಿರುವುದನ್ನೆಲ್ಲ ಮೂಲ ಫೋಲ್ಡರಿನ ಮೇಲೆಯೇ ಸುರಿದರೆ, ನಿನ್ನೆ ತಿದ್ದಿದ ಹೊಸ ಫೈಲಿನ ಮೇಲೆ ಹೋದ ವಾರದ ಹಳೆಯ ಫೈಲು ಕುಳಿತುಬಿಡುತ್ತದೆ. ಕಂಪ್ಯೂಟರು ‘ಇದೇ ಹೆಸರಿನ ಫೈಲು ಇದೆ, ಬದಲಾಯಿಸಲೇ?’ ಎಂದು ಕೇಳುತ್ತದೆ. ಅವಸರದಲ್ಲಿ ‘ಹೌದು’ ಒತ್ತಬೇಡಿರಿ. ಎರಡರ ದಿನಾಂಕವನ್ನೂ ನೋಡಿರಿ.

ಫೈಲುಗಳು ಬಂದ ಮೇಲೆ ವಹಿಯನ್ನು ತೆಗೆಯಿರಿ. ವಹಿಯಲ್ಲಿ 38 ಎಂದಿದ್ದರೆ ಇಲ್ಲಿಯೂ 38 ಇರಬೇಕು. ಒಟ್ಟು ಎಂ.ಬಿ. ಹೊಂದಬೇಕು. ಒಂದೊಂದು ಹಾಡನ್ನೂ ತೆರೆದು ಸ್ವಲ್ಪ ಕೇಳಬೇಕು. ಕೆಲವು ಹಳೆಯ ಕಂಪ್ಯೂಟರುಗಳಲ್ಲಿ ಸಿ.ಡಿ.ಯಿಂದ ಬಂದ ಫೈಲಿಗೆ ‘ಓದಲು ಮಾತ್ರ’ ಎಂಬ ಗುರುತು ಅಂಟಿಕೊಂಡಿರುತ್ತದೆ. ತಿದ್ದಲು ಹೋದರೆ ಬಿಡುವುದಿಲ್ಲ. ಫೈಲಿನ ಗುಣಗಳನ್ನು ತೋರಿಸುವ ಕಿಟಕಿಯಲ್ಲಿ ಆ ಗುರುತನ್ನು ತೆಗೆದರೆ ಸರಿಯಾಗುತ್ತದೆ.

ಎಲ್ಲವೂ ಬಂತೇ? ಶುಕ್ರವಾರದವರೆಗಿನದು ಬಂತು. ಸೋಮವಾರ ಹೊಸದಾಗಿ ಧ್ವನಿಮುದ್ರಿಸಿದ ಎರಡು ಹಾಡು ಬರಲಿಲ್ಲ. ಬ್ಯಾಕಪ್ಪಿನಲ್ಲಿ ಕೊನೆಯ ಪ್ರತಿ ಮಾಡಿದ ದಿನದವರೆಗಿನದು ಮಾತ್ರ ಇರುತ್ತದೆ. ನಿಬಂಧವಾದರೆ ಮತ್ತೆ ಬರೆಯಬಹುದು, ಲೆಕ್ಕವಾದರೆ ಮತ್ತೆ ಮಾಡಬಹುದು. ಅಜ್ಜಿಯ ಹಾಡನ್ನು ಮತ್ತೆ ಹಾಡಿಸಲು ಅಜ್ಜಿ ಇರಬೇಕಲ್ಲ! ಅಂಥದನ್ನು ಶುಕ್ರವಾರದವರೆಗೆ ಕಾಯಿಸದೆ ಅಂದೇ ಪ್ರತಿ ಮಾಡಬೇಕು.

ಪ್ರತಿ ಇದೆ ಎಂದು ನಂಬಿ ಕುಳಿತವರಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜ ಸಂಗತಿ ಕೇಳಿರಿ. ಆಟಿಕೆಗಳೇ ಪಾತ್ರಗಳಾಗಿರುವ ‘ಟಾಯ್ ಸ್ಟೋರಿ 2’ ಎಂಬ ಚಲನಚಿತ್ರವನ್ನು ಅಮೆರಿಕದ ಪಿಕ್ಸಾರ್ ಸಂಸ್ಥೆ ಕಂಪ್ಯೂಟರಿನಲ್ಲಿಯೇ ತಯಾರಿಸುತ್ತಿತ್ತು. 1998ರಲ್ಲಿ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಫೈಲುಗಳು ನೋಡನೋಡುತ್ತಲೇ ಅಳಿಯತೊಡಗಿದವು. ಬಹುಭಾಗ ಹೋಗಿಯೇ ಬಿಟ್ಟಿತು. ಬ್ಯಾಕಪ್ ಇದೆಯಲ್ಲ ಎಂದು ತೆರೆದು ನೋಡಿದರೆ ಅದು ಕೆಲವು ದಿನಗಳಿಂದ ಸರಿಯಾಗಿ ಕೆಲಸವನ್ನೇ ಮಾಡಿರಲಿಲ್ಲ! ಯಾರೂ ಮೊದಲೇ ಮರಳಿ ತುಂಬಿ ಪರೀಕ್ಷಿಸಿರಲಿಲ್ಲ. ಆಗ ಗೇಲಿನ್ ಸುಸ್ಮನ್ ಎಂಬ ತಂತ್ರಜ್ಞೆಗೆ ಒಂದು ಸಂಗತಿ ನೆನಪಾಯಿತು. ಮಗು ಹುಟ್ಟಿದ್ದರಿಂದ ಅವರು ಮನೆಯಿಂದ ಕೆಲಸ ಮಾಡುತ್ತಿದ್ದರು. ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿ ಇತ್ತು. ಆ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಮೆಲ್ಲಗೆ ತಂದು, ಅದರಿಂದ ಫೈಲುಗಳನ್ನು ಮರಳಿ ಪಡೆದರು. ಚಿತ್ರ 1999ರಲ್ಲಿ ಬಿಡುಗಡೆಯಾಯಿತು. ದೊಡ್ಡ ಸಂಸ್ಥೆಯ ದೊಡ್ಡ ಯಂತ್ರಗಳು ಮಾಡಲಾಗದ್ದನ್ನು ಬೇರೊಂದು ಮನೆಯಲ್ಲಿದ್ದ ಒಂದು ಪ್ರತಿ ಮಾಡಿತು.

ಇದರಿಂದ ಎರಡು ಕೆಲಸಗಳು ನಿಮಗೂ ಹೊಳೆದಿರಬೇಕು. ತಿಂಗಳಿಗೊಮ್ಮೆ ಯಾವುದಾದರೂ ಒಂದು ಸಿ.ಡಿ.ಯಿಂದ ನಾಲ್ಕಾರು ಫೈಲುಗಳನ್ನು ಸುಮ್ಮನೆ ಮರಳಿ ತುಂಬಿ ನೋಡುವುದು ಒಂದು. ಮೂರು ಸಿ.ಡಿ.ಗಳಲ್ಲಿ ಒಂದನ್ನು ಶಾಲೆಯಲ್ಲಿಡದೆ ಮುಖ್ಯಾಧ್ಯಾಪಕರ ಮನೆಯಲ್ಲಿಯೋ ಗ್ರಾಮಪಂಚಾಯತಿಯ ಕಪಾಟಿನಲ್ಲಿಯೋ ಇಡುವುದು ಇನ್ನೊಂದು. ಕಂಪ್ಯೂಟರಿನ ಮೇಲೆಯೇ ಸಿ.ಡಿ. ಇಟ್ಟಿದ್ದರೆ ಛಾವಣಿ ಸೋರಿದ ದಿನ ಎರಡೂ ತೊಯ್ಯುತ್ತವೆ.

ಸಿ.ಡಿ.ಯನ್ನು ಜೋಪಾನ ಮಾಡುವುದು ಕಷ್ಟವಲ್ಲ, ಆದರೆ ಅನೇಕರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಹೊಳೆಯುವ ಬದಿ ಮಾತ್ರ ನಾಜೂಕು, ಹೆಸರು ಬರೆಯುವ ಬದಿ ಗಟ್ಟಿ ಎಂದು ತಿಳಿದಿರುತ್ತಾರೆ. ನಿಜ ತಿರುಗುಮುರುಗು. ಸಿ.ಡಿ.ಯ ಬರಹದ ಪದರ ಇರುವುದು ಹೆಸರಿನ ಬದಿಗೇ ಹತ್ತಿರ. ಅದರ ಮೇಲೆ ತೆಳ್ಳನೆಯ ಅರಗಿನಂಥ ಲೇಪವಷ್ಟೇ ಇರುತ್ತದೆ. ಹೊಳೆಯುವ ಬದಿಯಲ್ಲಿ ಒಂದು ಮಿಲಿಮೀಟರಿಗಿಂತ ದಪ್ಪನಾದ ಪ್ಲಾಸ್ಟಿಕ್ ಅಡ್ಡವಿರುತ್ತದೆ. ಅಲ್ಲಿ ಸಣ್ಣ ಗೀರು ಬಿದ್ದರೂ ಯಂತ್ರ ಹೇಗೋ ಓದಿಕೊಳ್ಳುತ್ತದೆ, ಏಕೆಂದರೆ ಬರೆಯುವಾಗಲೇ ತಪ್ಪು ತಿದ್ದಿಕೊಳ್ಳಲು ಬೇಕಾದ ಹೆಚ್ಚಿನ ಅಂಕೆಗಳನ್ನೂ ಸೇರಿಸಿ ಬರೆದಿರುತ್ತದೆ. ಹೆಸರಿನ ಬದಿಗೆ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಪದರವೇ ಗಾಯವಾಗುತ್ತದೆ. ಮೆತ್ತನೆಯ ತುದಿಯ ಮಾರ್ಕರ್ ಪೆನ್ನಿನಿಂದ ಹಗುರಾಗಿ ಬರೆಯಬೇಕು. ಧೂಳನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿದರೆ ಗೀರು ಬರಹದ ಸಾಲಿನ ಉದ್ದಕ್ಕೂ ಬೀಳುತ್ತದೆ. ನಮ್ಮ ಕಡೆಯ ಬೇಸಿಗೆಯಂತೂ ನಿಮಗೆ ಗೊತ್ತೇ ಇದೆ. ಬಿಸಿಲು ಬೀಳುವ ಕಿಟಕಿಯ ಬಳಿ, ತಗಡಿನ ಛಾವಣಿಯ ಕೆಳಗೆ ಸಿ.ಡಿ. ಇಡಬಾರದು. ತೇವವೂ ಆಗದು. ಮಧ್ಯ ಅಮೆರಿಕದ ಬೆಲೀಜ್ ಎಂಬ ದೇಶದ ಬಿಸಿಯಾದ ತೇವ ಹವೆಯಲ್ಲಿ ಒಂದು ಬಗೆಯ ಬೂಷ್ಟು ಸಿ.ಡಿ.ಯ ಪದರವನ್ನೇ ತಿಂದುದನ್ನು ವಿಜ್ಞಾನಿಗಳು 2001ರಲ್ಲಿ ತಿಳಿಸಿದರು. ರೊಟ್ಟಿಗೆ ಬರುವ ಬೂಷ್ಟಿನ ದೂರದ ನೆಂಟನೆನ್ನಿರಿ!

ಈಗಿನ ಹೊಸ ಕಂಪ್ಯೂಟರುಗಳಲ್ಲಿ ಹೆಚ್ಚಿನವುಗಳಿಗೆ ಸಿ.ಡಿ. ಡ್ರೈವೇ ಇರುವುದಿಲ್ಲ. ಪೆನ್ ಡ್ರೈವ್, ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್, ಅಂತರಜಾಲದ ಮೂಲಕ ದೂರದ ಯಂತ್ರದಲ್ಲಿ ಇಡುವ ಕ್ಲೌಡ್ ಬಂದಿವೆ. ಹಾಗಾದರೆ ಮೇಲೆ ಕಲಿತದ್ದು ವ್ಯರ್ಥವೇ? ಸಿ.ಡಿ. ಎಂಬ ಕಡೆ ಪೆನ್ ಡ್ರೈವ್ ಎಂದು ಹಾಕಿ ಇನ್ನೊಮ್ಮೆ ಓದಿರಿ. ಅಜ್ಜ-ಅಪ್ಪ-ಮಗನ ಸರದಿ, ವಹಿ, ತಾಳೆ ನೋಡುವುದು, ಬೇರೆ ಮನೆಯಲ್ಲಿಡುವುದು, ಯಾವುದನ್ನೂ ಬದಲಿಸಬೇಕಾಗಿಲ್ಲ. ಪೆನ್ ಡ್ರೈವ್ ಸಣ್ಣದಾದ್ದರಿಂದ ಬೇಗ ಕಳೆಯುತ್ತದೆ ಎಂಬುದೊಂದನ್ನು ಸೇರಿಸಿಕೊಳ್ಳಿರಿ. ಕ್ಲೌಡಿನಲ್ಲಿಟ್ಟರೆ ಗುಪ್ತಪದ ಮರೆಯಬಾರದು. ಕಂಪ್ಯೂಟರಿಗೆ ಸದಾ ಜೋಡಿಸಿಯೇ ಇಟ್ಟ ಪ್ರತಿಗೆ ವೈರಸ್ಸೂ ತಗಲುತ್ತದೆ. ಬರೆದು ತೆಗೆದು ಕಪಾಟಿನಲ್ಲಿಟ್ಟ ಸಿ.ಡಿ.ಗೆ ಆ ಭಯವಿಲ್ಲ. ಈ ಒಂದು ಗುಣದಲ್ಲಿ ಹಳೆಯ ಸಿ.ಡಿ.ಯೇ ಮೇಲು ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ಶಾಲೆಯ ಕಪಾಟಿನಲ್ಲಿ, ಮನೆಯ ಟ್ರಂಕಿನಲ್ಲಿ ಹಳೆಯ ಸಿ.ಡಿ.ಗಳು ಇದ್ದೇ ಇರುತ್ತವೆ. ಸ್ನೇಹಸಮ್ಮೇಳನದ ಹಾಡು, ಜಾತ್ರೆಯ ಚಿತ್ರ, ಮಾಮನ ಮದುವೆ, ಯಾವುದಾದರೂ ಇರಬಹುದು. ಸಿ.ಡಿ. ಓದುವ ಯಂತ್ರಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಹೊರಗಿನಿಂದ ಯು.ಎಸ್.ಬಿ. ತಂತಿಯಲ್ಲಿ ಜೋಡಿಸುವ ಡ್ರೈವು ಇನ್ನೂ ಸಿಗುತ್ತದೆ. ಗುರುಗಳ ಸಹಾಯದಿಂದ ಒಂದೊಂದೇ ಸಿ.ಡಿ.ಯನ್ನು ಹಾಕಿ, ತೆರೆದದ್ದನ್ನು ಹೊಸ ಜಾಗಕ್ಕೆ ಪ್ರತಿ ಮಾಡಿರಿ. ಒಮ್ಮೆ ಓದದಿದ್ದರೆ ಒರೆಸಿ ಇನ್ನೊಮ್ಮೆ ಹಾಕಿರಿ, ಬೇರೆ ಡ್ರೈವಿನಲ್ಲಿ ಹಾಕಿ ನೋಡಿರಿ. ಒಂದು ಓದದ್ದನ್ನು ಇನ್ನೊಂದು ಓದುವುದುಂಟು. ವಹಿಯಲ್ಲಿ ನಾಲ್ಕು ಅಂಕಣ ಹಾಕಿ ಸಿ.ಡಿ.ಯ ಮೇಲಿನ ಹೆಸರು, ಒಳಗೆ ಇದ್ದದ್ದು, ಪ್ರತಿ ಮಾಡಿದ ದಿನಾಂಕ, ಪ್ರತಿ ಇಟ್ಟ ಜಾಗ ಇವನ್ನು ಬರೆಯಿರಿ. ಹಾಡಿದವರ ಹೆಸರು ಮತ್ತು ಊರು ಗೊತ್ತಿದ್ದರೆ ಅದನ್ನೂ ಬರೆಯಿರಿ. ಕಂಪ್ಯೂಟರಿಗೆ ಹಾಡು ಮಾತ್ರ ಗೊತ್ತು. ಅದು ಯಾರ ಧ್ವನಿ ಎಂಬುದನ್ನು ನಿಮ್ಮ ಊರಿನವರೇ ಹೇಳಬೇಕು.